ಹತ್ತಿ

ಆದಿತ್ಯವಾರ ಬೋಳೂರಿನ ಕೊನೆಯಲ್ಲಿ ರಿಕ್ಷಾ ಇಳಿದೆವು
ಐದು ಮಂದಿ, ಒಂದು ಕೊಡೆ, ಸ್ಟೀಲಿನ ಟಿಫಿನಿನಲ್ಲಿ ಹುರಿದ ಕೋಳಿ,
ಬಾಳೆಲೆಯಲ್ಲಿ ಸುತ್ತಿದ ಪತ್ತಿರ್.
ಎದುರಿಗೆ ಸುಲ್ತಾನ್ ಬತ್ತೇರಿ,
ಎಲ್ಲಿಯದೋ ದೊಡ್ಡ ಕೋಟೆಯಿಂದ
ಉದುರಿಬಿದ್ದ ಒಂದು ಹಲ್ಲು.

"ಇಷ್ಟೇನಾ?" ಅಂದಳು ನೌಶೀನ.

ನನ್ನ ಗಂಡ ಹೈದ್ರೋಸ್ ಸಮಾಜ ಪಾಠದ ಮಾಸ್ತರ್,
ಅವರಿಗೆ ಇಷ್ಟು ಸಾಕು.
ವೈರಿಯ ಹಡಗು ಹೊಳೆಗೆ ನುಗ್ಗದ ಹಾಗೆ ಕಾವಲು,
ಕೆಳಗೆ ಮದ್ದಿನ ಮನೆ,
ಈ ದಂಡೆಯಲ್ಲೇ ಎಲ್ಲೋ ಯುದ್ಧದ ಹಡಗು ಕಟ್ಟುತ್ತಿದ್ದರಂತೆ.
"ಎಲ್ಲಿ?"
ಅವರ ಕೈ ನೀರಿನ ಕಡೆ ಹೋಯಿತು, ಜೆಟ್ಟಿಯ ಕಡೆ ಹೋಯಿತು,
ಒಣಗಲು ಹರಡಿದ ಬಲೆಯ ಮೇಲೆ ಸ್ವಲ್ಪ ಹೊತ್ತು ನಿಂತು
ಕಿಸೆಗೆ ವಾಪಸು ಬಂತು.

ಚಿಕ್ಕವ ಕಿಂಡಿಗೆ ಕಣ್ಣಿಟ್ಟು ಢಂ ಅಂದ.
ಆಚೆ ದಡದ ಗಾಳಿಮರ ಒಂದೂ ಬೀಳಲಿಲ್ಲ.

ಮಾಮಿ ಮೆಟ್ಟಿಲು ಹತ್ತಲಿಲ್ಲ.
ಕೆಳಗೆ ಕಲ್ಲಿನ ಮೇಲೆ ಕೂತು ಬೀಪಾತುಮ್ಮ
ಕಡವಿನ ದೋಣಿ ಹೋಗುವುದನ್ನೂ ಬರುವುದನ್ನೂ ನೋಡಿದರು,
ಸಾಲ ಕೊಟ್ಟವರು ನೋಡುವ ಹಾಗೆ.

ಇಪ್ಪತ್ತೊಂಬತ್ತು ವರ್ಷ ಹತ್ತಿ ಹೊಸೆದವರು ಅವರು.
ಬೆಂಗ್ರೆಯಲ್ಲಿ ಮಂಜಿ ಕಟ್ಟುವ ಕಾಲ. ಮಮ್ಮುಂಞಿ ಮಾವ
ಹಲಗೆಯ ಸಂದಿಗೆ ಉಳಿ ಹಿಡಿದು, ಕೊಡತಿಯಲ್ಲಿ ಬಡಿದು ಬಡಿದು
ಎಣ್ಣೆಹತ್ತಿ ತುಂಬುತ್ತಿದ್ದರೆ
ಆ ಎಳೆಯೆಲ್ಲ ಮನೆಯಲ್ಲಿ, ಇವರ ತೊಡೆಯ ಮೇಲೆ:
ಅನ್ನ ಬೇಯುವಷ್ಟರಲ್ಲಿ ಎರಡು ಮಾರು,
ಮಗುವಿಗೆ ಹಾಲು ಕೊಡುತ್ತಾ ಒಂದು ಮಾರು.
ಮಾರಿಗೆ ಇಷ್ಟು ಪೈಸೆ. ಲೆಕ್ಕ ಮಾವನ ಹೆಸರಿಗೆ.
ಹೆಂಚು ಹೇರಿಕೊಂಡು ಮಂಜಿಗಳು ಎಲ್ಲೆಲ್ಲಿಗೋ ಹೋದವು.
ಎಣ್ಣೆ ತಿಕ್ಕುವಾಗ ಈಗಲೂ
ಆ ಒಂದು ಜಾಗದಲ್ಲಿ ನನ್ನ ಕೈ ಜಾರುತ್ತದೆ.

"ನೀವು ಮಂಜಿ ಹತ್ತಿದ್ದೀರಾ ಮಾಮಿ, ಒಮ್ಮೆಯಾದರೂ?"
"ಹತ್ತಿ ಹತ್ತಿತಲ್ಲ, ಸಾಲದಾ?"

ತಲೆಗೆ ಹತ್ತು ರೂಪಾಯಿ. ತಮ್ಮದನ್ನು ತಾವೇ ಕೊಟ್ಟರು,
ಮಡಚಿ ಮಡಚಿ ಬೀಡಿಯಷ್ಟಾದ ನೋಟು.
ಒಂದು ಕೈ ಮಗ ಹಿಡಿದ, ಇನ್ನೊಂದು ಅಂಬಿಗ.
ದೋಣಿ ಒಮ್ಮೆ ವಾಲಿತು, ಆಮೇಲೆ ಒಪ್ಪಿಕೊಂಡಿತು.

ನಡುಹೊಳೆಯಲ್ಲಿ ಮಕ್ಕಳು ಬತ್ತೇರಿಗೆ ಟಾಟಾ ಮಾಡಿದವು.
ಮಾಸ್ತರ್ ಇನ್ನೂ ಫಿರಂಗಿಯಲ್ಲಿದ್ದರು.
ಮಾಮಿ ಬಗ್ಗಿ ಕಾಲಬುಡದ ಸಂದಿಯಲ್ಲಿ
ಕಿರುಬೆರಳು ಎಳೆದುಕೊಂಡು ಹೋದರು. ನಿಲ್ಲಿಸಿದರು. ಮೂಸಿದರು.

"ಇಲ್ಲಿ ಯಾರೋ ಅವಸರ ಮಾಡಿದ್ದಾರೆ."
ಅಂಬಿಗ ನಕ್ಕ: "ಬಕೆಟ್ ಉಂಟಲ್ಲ ಅಜ್ಜಿ."
ಮಾಮಿ ನಗಲಿಲ್ಲ. ತಣ್ಣೀರುಬಾವಿ ಮುಟ್ಟುವ ತನಕ
ಬೆರಳು ತೆಗೆಯಲೂ ಇಲ್ಲ.

ಮರಳಿನಲ್ಲಿ ಕೂತು ತಿಂದೆವು.
ಕೋಳಿ ಮುಗಿಯಿತು, ಪತ್ತಿರ್ ಎರಡು ಉಳಿಯಿತು,
ಚಿಕ್ಕವನ ಒಂದು ಚಪ್ಪಲಿ ಕಾಣೆಯಾಗಿ ಸಿಕ್ಕಿತು.
ಕೈ ತೊಳೆದು ಬಂದು ನೋಡಿದರೆ
ಟವೆಲಿನ ಅಂಚು ಒಂದು ಗೇಣು ಹರಿದಿದೆ,
ಟಿಫಿನಿನ ತಳದಲ್ಲಿ ಎಣ್ಣೆಯ ಪಸೆಯೂ ಇಲ್ಲ.

ವಾಪಸಿಗೆ ಅದೇ ದೋಣಿ.
ನಾವು ಬರುವ ಮೊದಲೇ ಹತ್ತಿ
ಅದೇ ಜಾಗ ಹಿಡಿದು ಕೂತಿದ್ದರು.