ನಾಲಿಗೆಗೆ ಫೋಟೊ ಇಲ್ಲ

ಹೆಡ್‌ಶಾಟ್ ಬೇಕು ಅಂದೆ.
ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಿ
"ಯಾರದು?" ಅಂದರು.
ಕೈಲ್ ಪೊಳ್ದಿನ ದಿನ ಮರದ ತುದಿಯ ತೆಂಗಿನಕಾಯಿಯನ್ನು
ಮೂರು ವರ್ಷ ಸತತ ಹೊಡೆದು ಉರುಳಿಸಿದವರು;
ತಲೆ, ಗುಂಡು, ಎರಡೂ ಅವರಿಗೆ ತಮಾಷೆಯಲ್ಲ.
ಫೋಟೊ ಚಿಕ್ಕಪ್ಪ, ಕಾರ್ಡಿಗೆ.
"ಹಾಗೆನ್ನು" ಎಂದು ಪೇಪರಿಗೆ ಮರಳಿದರು.

ಹತ್ತೊಂಬತ್ತು ವರ್ಷ ಕ್ಯೂರಿಂಗ್ ವರ್ಕ್ಸಿನ ಒಳಕೋಣೆಯಲ್ಲಿ
ನನ್ನ ಮುಖ ಯಾರಿಗೂ ಬೇಕಿರಲಿಲ್ಲ.
ದುಂಡು ಮೇಜು, ಸುತ್ತ ಹತ್ತು ಬಟ್ಟಲು,
ಒಂದು ಚಮಚ, ಒಂದು ಪೀಕದಾನಿ.
ಸುರ್‌ರ್ ಎಂದು ಎಳೆದು, ನಾಲಿಗೆಯಗಲಕ್ಕೆ ಹರಡಿ, ಉಗಿದು
ಹಾಳೆಯ ಮೇಲೆ ಬರೆಯುತ್ತಿದ್ದೆ:
ಹಣ್ಣಿನ ಹುಳಿ. ಹಸಿ ಬಟಾಣಿ.
ಕಣದಲ್ಲಿ ಒಂದು ರಾತ್ರಿ ನೆನೆದದ್ದು.
ಹಾಳೆಯ ಕೆಳಗಿನ ಸಹಿ ಮಾತ್ರ ಇನ್ನೊಬ್ಬರದು.

ಜನವರಿಯಿಂದ ಸಹಿ ನನ್ನದೇ, ಕೆಲಸವೂ ನನ್ನದೇ.
ಕೊಚ್ಚಿಯ ವ್ಯಾಪಾರಿ ಫೋನಿನಲ್ಲಿ
"ಪ್ರೊಫೈಲ್ ಕಳಿಸಿ, ಮುಖ ಕಾಣಬೇಕು" ಅಂದ.
ನನ್ನ ಹತ್ತಿರ ಇದ್ದದ್ದು ಆಧಾರ್ ಕಾರ್ಡಿನದು.
ಅದರಲ್ಲಿ ನಾನು ಯಾರದೋ ಗುರುತು ಹಿಡಿಯಲು
ಠಾಣೆಗೆ ಬಂದವಳಂತಿದ್ದೇನೆ.

ಹೂಮಳೆಯಾಗಿ ಒಂಬತ್ತನೇ ದಿನ.
ತೋಟಗಳೆಲ್ಲ ಬೆಳ್ಳಗೆ ಬಿರಿದು ಬಸ್ಸಿನೊಳಗೂ ಘಮ.
ಇಂಥ ದಿನ ನಾನು ಬಟ್ಟಲು ಮುಟ್ಟುವುದಿಲ್ಲ,
ಅದಕ್ಕೇ ಫೋಟೊಗೆ ಬಿಡುವು.

ಗೋಣಿಕೊಪ್ಪ. ಬಸ್‌ಸ್ಟ್ಯಾಂಡಿನೆದುರು, ಬೇಕರಿಯ ಮೇಲೆ.
ಮೆಟ್ಟಿಲುದ್ದಕ್ಕೂ ಮದುಮಕ್ಕಳು, ನಾಮಕರಣದ ಕೂಸುಗಳು,
ಮತ್ತೆ, ಯಾರದೋ ಮದುವೆಯಿಂದ ಕತ್ತರಿಸಿ ತೆಗೆದ
ತೀರಿಹೋದ ಒಬ್ಬ ಅಜ್ಜನ ತಲೆ.
ಭುಜದ ಮೇಲೆ ಪಕ್ಕದವರ ಬೆರಳು ಹಾಗೇ ಉಳಿದಿತ್ತು.

ಅಶ್ಕರ್ ಲೈಟು ತಿರುಗಿಸಿದ.
ಅವನ ತಂಗಿ ಸಫೀರಾ ಪೌಡರು ಬಳಿದು ಲಿಪ್‌ಸ್ಟಿಕ್ ಹಿಡಿದಾಗ
ತಲೆ ಹಿಂದಕ್ಕೆಳೆದೆ.
"ಸ್ವಲ್ಪ ಮೇಡಂ, ಇಲ್ಲದಿದ್ದರೆ ತುಟಿಯೇ ಕಾಣಲ್ಲ."
ತುಟಿಗೆ ಬಣ್ಣ, ಕತ್ತಿಗೆ ಅತ್ತರು, ಜಡೆಗೆ ಮಲ್ಲಿಗೆ,
ಹತ್ತೊಂಬತ್ತು ವರ್ಷ ಯಾವುದೂ ಇಲ್ಲ;
ಚಮಚಕ್ಕೆ ಗೊತ್ತಾಗುತ್ತದೆ ಎಂದರೆ ಈ ಹುಡುಗಿ ನಂಬುತ್ತಾಳೆಯೇ?
ಹಚ್ಚಿಸಿಕೊಂಡೆ. ಮೇಣ. ಅಡಿಯಲ್ಲಿ ಸ್ಟ್ರಾಬೆರಿ.
ಅದರಡಿ ಸೀಮೆಎಣ್ಣೆ.

"ಗಲ್ಲ ಕೆಳಗೆ. ಭುಜ ಇತ್ತ. ನಂಬಿಕೆ ಬರುವ ಹಾಗೆ ನಗಿ."
ಮದುವೆಮನೆಯ ನಗು ಕೊಟ್ಟೆ. ಸಾಲ ಕೇಳುವ ನಗು ಕೊಟ್ಟೆ.
ಬಾಯಿ ಮುಚ್ಚಿಯೇ ಇರಬೇಕಂತೆ;
ನನ್ನ ಕಸುಬೆಲ್ಲ ಅದರೊಳಗೆ.
"ಬರ್ತಾ ಇಲ್ಲ ಮೇಡಂ. ಒಂದು ಕಾಫಿ ಕುಡೀರಿ."

ಕೆಳಗಿನ ಬೇಕರಿಯಿಂದ ಪೇಪರ್ ಕಪ್ಪಿನಲ್ಲಿ ಬಂತು.
ಮರ್ಯಾದೆಗೆ ಒಂದೇ ಗುಟುಕು ಅಂದುಕೊಂಡೆ.
ನಾಲಿಗೆಗೆ ಮರ್ಯಾದೆ ಕಲಿಸಿದವರು ಯಾರು?
ಸುರ್‌ರ್ ಎಂದುಬಿಟ್ಟಿತು.
ಅರ್ಧ ಚಿಕೋರಿ. ಉಳಿದರ್ಧ ನೆಲಕ್ಕುದುರಿದ ರೋಬಸ್ಟಾ,
ಮಳೆಗಾಲದ ಗೋಡೌನಿನ ಮೂಲೆ, ಇಲಿ ಕಡಿದ ಗೋಣಿ,
ಅಷ್ಟು ಹೊತ್ತಿಗೆ, ಕ್ಲಿಕ್.

ಪರದೆಯ ಮೇಲೆ ಮೂವರೂ ಬಗ್ಗಿ ನೋಡಿದೆವು.
ಒಳಕ್ಕೆ ಹೋದ ಕೆನ್ನೆ, ಅರ್ಧ ಮುಚ್ಚಿದ ಎಡಗಣ್ಣು,
ಹುಬ್ಬಿನ ನಡುವೆ ನೇಗಿಲು ಹಾಯಿಸಿದಂತೆ ಎರಡು ಗೆರೆ,
ಲಿಪ್‌ಸ್ಟಿಕ್ಕೆಲ್ಲ ಕಪ್ಪಿನಂಚಿಗೆ.
ಚೆಂದವಲ್ಲ. ಆದರೆ ಅಲ್ಲಿ ಯಾರೋ ಇದ್ದರು.
ಅಶ್ಕರ್ ಮೆಲ್ಲಗೆ ಕೇಳಿದ:
"ಅಷ್ಟು ಕೆಟ್ಟದಾ ಮೇಡಂ, ನಮ್ಮ ಬೇಕರಿ ಕಾಫಿ?"
ನಾನು ಉತ್ತರ ಕೊಡಲಿಲ್ಲ. ಫೋಟೊ ಕೊಟ್ಟಾಗಿತ್ತು.

ಅದನ್ನೇ ಕೊಡು ಅಂದೆ, ಗೆರೆ ಅಳಿಸಬೇಡ.
ಅವನಿಗೆ ಮನಸ್ಸು ಬರದೆ, ನಗುವುದೊಂದನ್ನು ಹುಡುಕಿ
ಎರಡನ್ನೂ ಪ್ರಿಂಟು ಹಾಕಿದ. ಒಂದಕ್ಕೇ ದುಡ್ಡು ತೆಗೆದುಕೊಂಡ.

ಕೊಚ್ಚಿಗೆ ಯಾವುದು ಹೋಯಿತು ಅಂತೀರಾ?
ಆ ರಾತ್ರಿ ಫೋನು ಹಿಡಿದು ಬಹಳ ಹೊತ್ತು ಕೂತಿದ್ದೆ.
ನಗುವುದನ್ನೇ ಕಳಿಸಿದೆ.
ಹೊಸ ಕಸುಬು, ಅಂಗಡಿ ಬಾಡಿಗೆ, ಹೆದರಿಕೆ ಇರುತ್ತದೆ.

ಇನ್ನೊಂದು, ಚಮಚದ ಡಬ್ಬಿಯ ಮುಚ್ಚಳದ
ಒಳಬದಿಗೆ ಅಂಟಿಕೊಂಡಿದೆ.
ಮೂಟೆ ಇಳಿಸಿ ಯಾರಾದರೂ
"ಒಳ್ಳೇ ಮಾಲು ಅಕ್ಕಾ, ಕಣ್ಣುಮುಚ್ಚಿ ಬರೆಯಿರಿ" ಎಂದು ಶುರುಮಾಡಿದರೆ
ಮಾತಾಡದೆ ಡಬ್ಬಿ ತೆರೆದು
ಮುಚ್ಚಳವನ್ನು ಅವರ ಕಡೆಗೆ ತಿರುಗಿಸಿಡುತ್ತೇನೆ.