ಇಂದಿನ ಮಾಪನ

ತಿಂಗಳ ಮೊದಲ ವಾರ ನಾನು ಮಾತಾಡುವುದೆಲ್ಲ
ವಿನೋಬನಗರದ ಗೋಡೆಗಳ ಜೊತೆ.
ಚಪ್ಪಲಿ ಸ್ಟ್ಯಾಂಡಿನ ಮೇಲೆ, ಗ್ಯಾಸ್ ಸಿಲಿಂಡರಿನ ಹಿಂದೆ,
ಒಮ್ಮೊಮ್ಮೆ ಕಟ್ಟಿಹಾಕಿದ ನಾಯಿಯ ಮೂತಿಯಿಂದ ಒಂದು ಗೇಣಿನಲ್ಲಿ
ಮೀಟರು. ಬಗ್ಗಿ ಓದುತ್ತೇನೆ.
ಹಿಂದಿನ ಮಾಪನ, ಇಂದಿನ ಮಾಪನ,
ಕಳೆದರೆ ಉಳಿಯುವುದು ಅವರು ಬದುಕಿದ್ದು.
ಒಬ್ಬರ ಮನೆಗೆ ಮಗು ಬಂದಿದ್ದು, ಇನ್ನೊಬ್ಬರ ಗೀಜರು ಕೆಟ್ಟಿದ್ದು,
ಯಾರೋ ನಿದ್ದೆ ಬಾರದೆ ರಾತ್ರಿಯಿಡೀ ದೀಪ ಉರಿಸಿದ್ದು
ನನಗೆ ಅಂಕಿಯಲ್ಲಿ ಗೊತ್ತು. ಯಾರಿಗೂ ಹೇಳಿಲ್ಲ.

ಆರನೇ ತಿರುವಿನ ಕೊನೆಯ ಮನೆ
ಪದ್ಮನಾಭ ಗುಡಿಗಾರರದು.
ಅಲ್ಲಿ ಅಂಕಿ ಏರುವುದು ನಿಧಾನ,
ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ.
ಮೀಟರಿಗೆ ಏನೋ ಮಾಡಿದ್ದೀರಿ, ಎಂದೆ.
ಮಾಡಿದ್ದು ಗಾಳಿಗೆ, ಬನ್ನಿ ಮೇಲೆ, ಎಂದರು.

ತಾರಸಿ. ಸಿಂಟೆಕ್ಸ್ ಟ್ಯಾಂಕು, ಅರೆ ಒಣಗಿದ ಬಟ್ಟೆ,
ಅದರಾಚೆ ಜಿಐ ಪೈಪಿನ ತುದಿಯಲ್ಲಿ
ಶಿವನೆ ಮರದ ಮೂರು ರೆಕ್ಕೆ.
ಮೂವತ್ತು ವರ್ಷ ದೇವರ ಮೂಗು ತಿದ್ದಿದ ಉಳಿ
ಇವುಗಳ ಬೆನ್ನು ತಿದ್ದಿದೆ.
'ಮೂಗಾದರೆ ನೋಡಿದವರು ತಪ್ಪು ಹೇಳಬೇಕು.
ಇದಕ್ಕೆ ಗಾಳಿಯೇ ಹೇಳುತ್ತೆ, ಮುಲಾಜಿಲ್ಲ.'
ಮೊದಲ ಸಲದ್ದು ಹಾರಿಹೋಗಿ
ಪಕ್ಕದವರ ಪಪ್ಪಾಯಿ ಗಿಡದ ಕತ್ತು ಕೊಯ್ದಿತ್ತಂತೆ.
ಎರಡನೆಯದಕ್ಕೆ ನಡುಕ: ಕೆಳಗೆ ಅಡುಗೆಮನೆಯ ಸ್ಟೀಲ್ ಲೋಟಗಳು
ಬೆಳಗಿನತನಕ ಹಲ್ಲು ಕಡಿದವಂತೆ.
ವಿಶಾಲಾಕ್ಷಮ್ಮ ಮೂರು ದಿನ ಮಾತು ಬಿಟ್ಟರು;
ಆಮೇಲೆ ತಾವೇ ಹಳೇ ಸ್ಕೂಟರಿನ ಟೈರು ಕೊಯ್ದು
ಪೈಪಿನ ಕಾಲಡಿ ಇಟ್ಟರು.
ತಾಮ್ರದ ತಂತಿ ಸುತ್ತಿಕೊಟ್ಟವರು ಆಟೋ ಕಾಂಪ್ಲೆಕ್ಸಿನ ಖಲಂದರ್,
ಸುಟ್ಟ ಪಂಪುಗಳ ಡಾಕ್ಟರು,
ಒಂದು ಸುತ್ತು ತಪ್ಪಿದರೂ ಮೊದಲಿಂದ ಎಣಿಸುವ ಮನುಷ್ಯ.
ಕೂಲಿ ಎಷ್ಟೆಂದರೆ, ದೀಪ ಹತ್ತಲಿ ನೋಡೋಣ, ಎಂದವರು.

ಎಷ್ಟು ಬರುತ್ತೆ? ಎಂದೆ. ವೃತ್ತಿಯ ಚಾಳಿ.
ಬಚ್ಚಲಿನ ದೀಪ, ಮೆಟ್ಟಿಲ ದೀಪ,
ಆಷಾಢದಲ್ಲಾದರೆ ಒಂದು ಸಣ್ಣ ಫ್ಯಾನೂ.
'ಗಾಳಿ ಇದ್ದಾಗ ಫ್ಯಾನು ಯಾಕೆ ಅಂತ ಇವಳು ಕೇಳ್ತಾಳೆ.'

ಊರೊಳಗಿನ ಗಾಳಿ ನೆಟ್ಟಗೆ ನಡೆಯುವುದಿಲ್ಲ.
ತುಂಗೆಯ ಮೇಲೆ ಇರುವತನಕ ಅದಕ್ಕೆ ಒಂದೇ ಮನಸ್ಸು.
ಲಾಡ್ಜಿನ ಬೆನ್ನಿಗೆ ಬಡಿದು, ಮೊಬೈಲ್ ಟವರಿನಲ್ಲಿ ಹರಿದು,
ಫ್ಲೆಕ್ಸಿನೊಳಗಿನ ಪುಢಾರಿಯ ಕೆನ್ನೆ ಉಬ್ಬಿಸಿ,
ಇಲ್ಲಿಗೆ ಬರುವಾಗ ಸಂತೆಯಲ್ಲಿ ಕೈಬಿಟ್ಟ ಮಗು.
ಅತ್ತ ನೋಡುತ್ತದೆ, ಇತ್ತ ನೋಡುತ್ತದೆ,
ರೆಕ್ಕೆಯೂ ಅದರ ಜೊತೆ ತಲೆ ತಿರುಗಿಸುತ್ತದೆ.

ಲೆಕ್ಕ ಹಾಕಿದೆ. ಹನ್ನೊಂದು ದಿನಕ್ಕೆ ಒಂದು ಯೂನಿಟ್ಟು.
ಒಂದು ಚಹಾಕ್ಕಿಂತ ಅಗ್ಗ.
ಹೇಳಬಾರದು ಅಂದುಕೊಂಡೆ. ಹೇಳಿಬಿಟ್ಟೆ.
ಅವರು ರೆಕ್ಕೆಯ ಕಡೆ ನೋಡುತ್ತಲೇ ಅಂದರು:
'ನಮ್ಮಪ್ಪನ ಊರು ಲಿಂಗನಮಕ್ಕಿಯ ತಳದಲ್ಲಿದೆ.
ಅದರ ಮೇಲಿನ ನೀರಿಂದ ಬಂದ ಕರೆಂಟಿಗೆ
ಯೂನಿಟ್ಟಿಗೆ ಎಷ್ಟು ಹಾಕ್ತೀರಿ?'
ನನ್ನ ಯಂತ್ರದಲ್ಲಿ ಆ ಕಾಲಂ ಇರಲಿಲ್ಲ.

ಮೊನ್ನೆ ಹೋದರೆ ಪಡುವಣಕ್ಕೆ ನಾಲ್ಕಂತಸ್ತು ಎದ್ದಿದೆ.
ಹಸಿರು ಪರದೆ, ಸೆಂಟ್ರಿಂಗ್ ಕೋಲು.
ಗಾಳಿ ಅದರ ಹೆಗಲ ಮೇಲಿಂದ ಹೋಗುತ್ತದೆ,
ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾದ ಹಳೇ ಗೆಳೆಯ.
ರೆಕ್ಕೆ ನಿಂತಿದೆ. ಮೇಲೊಂದು ಕಾಗೆ.
ಸೈಟಿಗೆ ಖಾತೆ ಉಂಟು, ಹೊಲಕ್ಕೆ ಪಹಣಿ ಉಂಟು,
ದಾಟಿಹೋಗುವ ಗಾಳಿಯ ಚಕ್ಕುಬಂದಿ
ಯಾವ ಶಾನುಭೋಗ ಬರೆದಾನು?

ಗುಡಿಗಾರರು ಮನೆಯಲ್ಲಿರಲಿಲ್ಲ.
ವಿಶಾಲಾಕ್ಷಮ್ಮ ಗಲ್ಲದಲ್ಲೇ ತೋರಿಸಿದರು, ಅಗೋ ಅಲ್ಲಿ.
ನಾಲ್ಕನೇ ಅಂತಸ್ತಿನ ಬೋಳು ಅಂಚಿನಲ್ಲಿ
ಮೇಸ್ತ್ರಿಯ ಪಕ್ಕ ನಿಂತು ಅವರು
ಬೆರಳು ನೆಕ್ಕಿ ಮೇಲೆತ್ತಿದ್ದಾರೆ.
ಮೇಸ್ತ್ರಿಯೂ ಎತ್ತಿದ್ದಾನೆ,
ಸಿಮೆಂಟು ಮೆತ್ತಿದ ತನ್ನ ಬೆರಳು.

ಮೀಟರು ಓದಿದೆ, ಚೀಟಿ ಹರಿದುಕೊಟ್ಟೆ.
ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿ
ನಾನೂ.
ಎಡಮಗ್ಗುಲು ತಣ್ಣಗಾಯಿತು.