ತಿರುಗಿ ಹೋದವಳು

ನೂರೈವತ್ತು ವರ್ಷ ತುಂಬಿತೆಂದು
ಇಪ್ಪತ್ತಮೂರು ಬಂಡಿ, ಐವತ್ತು ಕುದುರೆ,
ಎರಡು ಹೇಸರಗತ್ತೆ,
ಹಿಂದೆ ಪಾಯಿಖಾನೆ ಹೊತ್ತ ಲಾರಿ, ನೀರಿನ ಟ್ಯಾಂಕರು
ಹೊರಟಿದ್ದೇವೆ ನೆಬ್ರಾಸ್ಕದ ಹುಲ್ಲಿನೊಳಗೆ
ಪಡುವಣಕ್ಕೆ.

ಮುಂದಾಳು ಓರಿನ್ ಬೆಳಗಾದರೆ ಕೂಗುತ್ತಾನೆ:
ಕಡಾಣಿ ನೋಡಿಕೊಳ್ಳಿ, ಕೀಲೆಣ್ಣೆ ನೋಡಿಕೊಳ್ಳಿ,
ಗೊರಸಿನ ಸಂದಿಯ ಕಲ್ಲು ನೋಡಿಕೊಳ್ಳಿ,
ಫೋನು ನೋಡಬೇಡಿ.

ನನ್ನ ಜೋಡಿ ಬಿಷಪ್ ಮತ್ತು ಜೂನೋ.
ಬಿಷಪ್ಪನಿಗೆ ಮೋರಿಯ ಕತ್ತಲೆ ಕಂಡರಾಗದು.
ಜೂನೋ ಯಾವುದಕ್ಕೂ ಅಂಜುವವಳಲ್ಲ,
ಶಾಲೆಮಕ್ಕಳ ಬ್ಯಾಂಡಿಗೂ.
ಲಗಾಮಿನ ತೊಗಲು ಅಂಗೈಗೆ ಬರೆದದ್ದು
ರಾತ್ರಿ ಚಮಚ ಹಿಡಿದಾಗ ಓದಲು ಸಿಗುತ್ತದೆ.

ಹೆದ್ದಾರಿ ದಾಟುವಾಗ
ಹದಿನೆಂಟು ಗಾಲಿಯ ಟ್ರಕ್ಕೊಂದು ನಿಂತಿತು.
ಚಾಲಕ ಎಂಜಿನ್ ಆರಿಸಿ, ಕೆಳಗಿಳಿದು,
ಟೋಪಿ ತೆಗೆದು ಎದೆಗಿಟ್ಟುಕೊಂಡ
ಹೆಣ ಹೋಗುತ್ತಿದೆಯೆಂಬಂತೆ.
ನಾವು ಕೈ ಬೀಸಿದೆವು.

ಊರೂರಲ್ಲಿ ಭಾಷಣ, ನಿಂಬೆ ಶರಬತ್ತು.
ನಿನ್ನೆ ಒಬ್ಬ ಮೇಯರು ಮೈಕು ತಟ್ಟಿ ಅಂದರು:
"ಛಲ ಬಿಡದವರ ಮಕ್ಕಳು ನೀವು!"
ಏನೆಂದು ಹೇಳಲಿ ಅವರಿಗೆ,
ನಾನು ಛಲ ಬಿಟ್ಟವಳ ಕುಡಿ.

ಮುತ್ತಜ್ಜಿ ರೋಜಾಲಿ
ಬೊಹೀಮಿಯದಿಂದ ಹಡಗಿನಲ್ಲಿ ತಂದ ಗರಿಹಾಸಿಗೆಯ ಮೇಲೆ ಕೂತು
ಇದೇ ಹೊಳೆದಂಡೆಯ ತನಕ ಬಂದಳು.
ಮೂರು ದಿನ ನೆರೆ. ಕಾದರು.
ನಾಲ್ಕನೆಯ ದಿನ ಇಳಿಯಿತು. ಎಲ್ಲರೂ ದಾಟಿದರು.
ಇವಳು ಮಾತ್ರ, ಮೂಕಿ ತಿರುಗಿಸು, ಎಂದಳು.
ಕಾಯಿಲೆಯಲ್ಲ, ಕೂಸು ಸತ್ತದ್ದಲ್ಲ,
ಹಿಟ್ಟಿನ ಮೂಟೆಯೂ ಅರ್ಧ ತುಂಬಿತ್ತು.
ಯಾಕೆಂದು ಕೇಳಿದ ಗಂಡನಿಗೆ
"ಇಷ್ಟು ಸಾಕು" ಅಂದಳಂತೆ.

ಆ ಎರಡು ಮಾತು ನಮ್ಮ ಮನೆಯ ಆಸ್ತಿ.
ಬಡಿಸಲು ಬಂದವರಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು
ಹಾಗೇ ಹೇಳುತ್ತೇವೆ, ನಗುತ್ತೇವೆ.
ಕುದುರೆಗಳಿಗೂ ನಿಲ್ಲುವ ಮಾತು ಅದೇ ಕಲಿಸಿದ್ದೇವೆ.

ತಿರುಗಿ ಹೋದವರಿಗೆ ಯಾರೂ ಕಲ್ಲು ನೆಟ್ಟಿಲ್ಲ.
ಗಾಲಿಯ ಜಾಡು ನೋಡಿ ಹೇಳಲಾದೀತೆ
ಇದು ಹೋದದ್ದು, ಇದು ಬಂದದ್ದು ಎಂದು?
ಮಣ್ಣಿಗೆ ಎರಡೂ ಒಂದೇ ಗೀರು.

ಲಾಳ ಕಟ್ಟುವ ಎಮೆಟ್, ಪಾನೀ ಕುಲದವನು.
ಅವನ ಹಿರಿಯರನ್ನು ಈ ಹೊಳೆಯಿಂದ ಎಬ್ಬಿಸಿ
ಒಕ್ಲಹೋಮಕ್ಕೆ ನಡೆಸಿದರಂತೆ.
ಜೂನೋಳ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು
ನನ್ನ ಕತೆ ಪೂರ್ತಿ ಕೇಳಿದ.
ಬಾಯಲ್ಲಿದ್ದ ಮೊಳೆ ಉದುರುವಷ್ಟು ನಕ್ಕ:
"ಅಂತೂ ಒಬ್ಬಳಾದರೂ ತಿರುಗಿ ಹೋದಳಲ್ಲ!
ಅವಳ ಹೆಸರಲ್ಲಿ ಮೆರವಣಿಗೆ ಮಾಡಿ,
ದುಡ್ಡಿಲ್ಲದೆ ಲಾಳ ಕಟ್ಟುತ್ತೇನೆ."
ನಾನೂ ನಕ್ಕೆ. ಆಮೇಲೆ ಇಬ್ಬರೂ ಸುಮ್ಮನಾದೆವು.
ಅವನು ಮೊಳೆಗಳನ್ನು ಹುಲ್ಲಲ್ಲಿ ಹುಡುಕಿದ.

ಇವತ್ತು ಆ ಕಡವು.
ಅರೆ ಫರ್ಲಾಂಗು ಆಚೆ ಕಾಂಕ್ರೀಟಿನ ಸೇತುವೆಯಿದೆ,
ಆದರೂ ನೀರಿಗಿಳಿಯುತ್ತೇವೆ,
ನೆನಪಿಗೆ ಕಾಲು ಒದ್ದೆಯಾಗಲೇಬೇಕಲ್ಲ.
ಮೊಣಕಾಲುದ್ದ ನೀರು, ಕೆಳಗೆ ಜಾರುವ ಮರಳು,
ಆಚೆ ದಂಡೆಯಲ್ಲಿ ಕ್ಯಾಮೆರಾ, ಬಾವುಟ.

ನಡುಹೊಳೆಯಲ್ಲಿ, ಸುಳ್ಳು ಹೇಳುವುದಿಲ್ಲ,
ಬೇಕೆಂದು ಅಂದದ್ದಲ್ಲ,
ಉಸಿರು ಬಿಟ್ಟಂತೆ ಹೊರಬಿತ್ತು:
ಇಷ್ಟು ಸಾಕು.

ನಿಂತವು ಎರಡೂ.
ಹಿಂದೆ ಹನ್ನೊಂದು ಬಂಡಿ ನಿಂತವು.
ಓರಿನ್ ಟೋಪಿ ಬೀಸಿ ಏನೋ ಕೂಗಿದ, ಗಾಳಿ ಒಯ್ದಿತು.
ಹೊಳೆ ತನ್ನ ಪಾಡಿಗೆ ಮೂಡಣಕ್ಕೆ ಹರಿಯುತ್ತಿತ್ತು
ಗಾಲಿಯ ಅರೆಕಾಲುಗಳ ನಡುವೆ.
ಬಿಷಪ್ ತಲೆ ತಗ್ಗಿಸಿ ನೀರು ಮೂಸಿದ,
ಮೊದಲು ಒಂದು ಗುಟುಕು,
ಆಮೇಲೆ ಯಾರಿಗೂ ಅವಸರವಿಲ್ಲವೆಂಬಂತೆ
ಕುಡಿಯತೊಡಗಿದ.